ಜಬ್ಬಾರ್ ಹೇಳದೆ ಉಳಿದ ಹೆಸರು

ಬಸ್ರಾದ ಹಳೇ ಗಂಡಸರಿಗೆ ನಾಲ್ಕು ಜನರೆದುರು ಹೆಂಡತಿಯ ಹೆಸರು ಹೇಳುವುದೆಂದರೆ ನಾಲಿಗೆಯೇ ಏಳುವುದಿಲ್ಲ. ಮಗನ ಹೆಸರು ಹಿಡಿದು 'ಇಂಥವನ ಅಮ್ಮ' ಎಂದು ಕರೆಯುತ್ತಾರೆ. ಮಕ್ಕಳಾಗದವಳು 'ಉಮ್ ಗಾಯಿಬ್', ಅಂದರೆ ಇನ್ನೂ ಬಾರದವನ ಅಮ್ಮ. ಅದು ಗೌರವವಂತೆ. ಕರೆಸಿಕೊಳ್ಳುವವಳನ್ನು ಮಾತ್ರ ಯಾರೂ ಕೇಳಿದವರಿಲ್ಲ.

ನಲವತ್ತು ವರ್ಷದ ಹಿಂದೆ ಬಹೀಜಾ ಗಂಡ ಜಬ್ಬಾರನ ಜೊತೆ ಟೀವಿಯ 'ಒಂದೇ ಸುಳಿವು' ಆಟಕ್ಕೆ ಹೋಗಿದ್ದಳು. ಅವಳು ಒಂದೊಂದೇ ಮಾತಿನ ಸುಳಿವು ಕೊಡಬೇಕು, ಅವನು ಬಚ್ಚಿಟ್ಟ ಪದ ಊಹಿಸಬೇಕು. ಕೊನೆಯ ಪದಕ್ಕೆ ಮಾತ್ರ ಮೊದಲು ಜೊತೆಗಾರರ ಹೆಸರು ಕೂಗಿ ಆಮೇಲೆ ಉತ್ತರ ಹೇಳಬೇಕಿತ್ತು. ಜಬ್ಬಾರ್ "ಉಮ್ ಗಾಯಿಬ್" ಎಂದು ಕೂಗಿದ, ಅದು ಹೆಸರೇ ಅಲ್ಲವೆಂದು ಸೋತರು. ಸೋತದ್ದು ಹಾಳಾಗಲಿ, ಅವಳಿಗೆ ಮಕ್ಕಳಿಲ್ಲವೆಂದು ದೇಶಕ್ಕೆಲ್ಲ ಡಂಗುರ ಹೊಡೆದಂತಾಯಿತು. ಮರುದಿನದಿಂದ ಮೀನು ಮಾರುವವನೂ ಅವಳನ್ನು ಹಾಗೆಯೇ ಕರೆದ.

ಈಗ ಆ ಆಟ ಮತ್ತೆ ಶುರುವಾಗಿ, ಹಳಬರಿಗೆಲ್ಲ ಕರೆ ಬಂತು.

"ಹೆಸರು ಹಿಡಿದು ಕರೀತೀರಾ ಅಂದ್ರೆ ಬರ್ತೀನಿ," ಎಂದಳು ಬಹೀಜಾ. "ಇಲ್ಲಾಂದ್ರೆ ನಿಮ್ಮ ತಂಗೀನ ಕರ್ಕೊಂಡು ಹೋಗಿ."

"ಈ ವಯಸ್ಸಲ್ಲಿ ಜನ ನಗಲ್ವೇನೇ?"

"ಆಗ ಅತ್ತಿದ್ದು ನಾನೊಬ್ಳೇ. ಈಗ ನಗೋರು ನಗಲಿ ಬಿಡಿ."

ಜಬ್ಬಾರ್ ಒಪ್ಪಿದ. ವಾರವಿಡೀ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಆ ಹೆಸರು ಅಭ್ಯಾಸ ಮಾಡಿದ. ಕೇಳಿಸುವುದಿಲ್ಲ ಅಂದುಕೊಂಡಿದ್ದ, ಪಾಪ.

ಬಾಗ್ದಾದಿನ ಸ್ಟುಡಿಯೋದಲ್ಲಿ ನಿರೂಪಕಿ ಹೊಸ ನಿಯಮ ಓದಿದಳು. ಹೆಸರು ಕೂಗುವ ಪದ್ಧತಿ ತೆಗೆದಿದ್ದಾರೆ, ಗುಂಡಿ ಒತ್ತಿ ಉತ್ತರ ಹೇಳಿದರೆ ಸಾಕು. ಜಬ್ಬಾರ್ ಬದುಕಿದೆಯಾ ಬಡಜೀವವೇ ಎಂದು ಬೆವರು ಒರೆಸಿಕೊಂಡ. ಬಹೀಜಾ ಅದನ್ನು ನೋಡಿದಳು. ಬಿಡುಗಡೆ ಸಿಕ್ಕ ಮೇಲೆ ಈ ಮನುಷ್ಯ ಬಾಯಿ ಬಿಡುವುದುಂಟೇ?

ಕೊನೆಯ ಪದ 'ದೋಣಿ'. ಇದ್ದದ್ದು ಹತ್ತೇ ಸೆಕೆಂಡು. ಅವಳು "ನದಿ" ಎಂದಳು, "ಹಾಯಿ" ಎಂದಳು. ಅವನಿಗೆ ಹೊಳೆದದ್ದು ಮುಖದಲ್ಲೇ ಕಂಡಿತು. ಗುಂಡಿ ಒತ್ತಿದ. ಬಾಯಿ ತೆರೆದ, ಮುಚ್ಚಿದ. ಕಿವಿ ಕೆಂಪಾಯಿತು.

"ಬಹೀಜಾ," ಎಂದ, ಸಣ್ಣ ದನಿಯಲ್ಲಿ. ಅದು ಸಾಲದೆನಿಸಿತೋ ಏನೋ, ಮೈಕಿನ ಹತ್ತಿರ ಬಾಗಿ ಮತ್ತೆ ಹೇಳಿದ. "ನನ್ನ ಹೆಂಡ್ತಿ ಹೆಸರು ಬಹೀಜಾ."

ಗಂಟೆ ಹೊಡೆಯಿತು. ಸಮಯ ಮೀರಿತು ಎಂದ ನಿರೂಪಕಿ, ಉತ್ತರ ಗೊತ್ತಿರಲಿಲ್ಲವೇ ಎಂದು ಮರುಕದಿಂದ ಕೇಳಿದಳು.

"ಗೊತ್ತಿತ್ತಮ್ಮ," ಎಂದ ಜಬ್ಬಾರ್. "ಇದು ಮೊದ್ಲು ಹೇಳ್ಬೇಕಾದ್ದು."

ಎದುರು ಕುರ್ಚಿಯಲ್ಲಿ ಬಹೀಜಾ ಅಳುತ್ತಿದ್ದಳು. ಆಟ ಸೋತದ್ದು ಅವಳಿಗೆ ತಿಳಿದೇ ಇರಲಿಲ್ಲ.