ಬಾಗಿಲುಗಳ ದೋಣಿ

೧೯೭೯ನೆಯ ಇಸವಿ ಮಾರ್ಚ್ ೨೭, ಮಂಗಳವಾರ, ಮಧ್ಯಾಹ್ನ ಹನ್ನೆರಡೂ ಇಪ್ಪತ್ತು.

"ಎಳೀರ್ಲಾ ಬೋಳಿಮಕ್ಳಾ! ನಿಮ್ದೇ ದೋಣಿ ಅಲ್ವಾ? ನೀವೇ ಎಳ್ಕಂಡ್ ಬಂದು ಕಟ್ಟಿ!"

ಪೊಲೀಸಿನವನು ಬಂದೂಕಿನ ಹಿಡಿಯಿಂದ ಮೇಸ್ತ್ರಿ ಜೆನೆಜಿಯುವಿನ ಪಕ್ಕೆಗೆ ತಿವಿದ. ಅರವತ್ತು ದಾಟಿದ ಮುದುಕ ಮುಗ್ಗರಿಸಿದ. ಹಗ್ಗ ಬಿಡಲಿಲ್ಲ, ಮತ್ತೆ ಕಾಲೂರಿ ನಿಂತ. ಅವನ ಹಿಂದೆ ಉರುಮಾಯು ಹಳ್ಳಿಗೆ ಹಳ್ಳಿಯೇ ಅದೇ ಹಗ್ಗಕ್ಕೆ ಮೈಕೊಟ್ಟಿತ್ತು. ಉರುಳುಮರಗಳ ಮೇಲೆ ನರಳುತ್ತ ದೋಣಿ ಮೇಸ್ತ್ರಿಯ ಅಂಗಳದಿಂದ ಅಳಿವೆಯ ತಳಕ್ಕೆ ಇಳಿಯುತ್ತಿತ್ತು. ಇಳಿತದ ಹೊತ್ತು. ನೀರು ಕಡಲಿನತ್ತ ಸರಿದು ಕೆಸರು ಬಿಸಿಲಿಗೆ ಹೊಳೆಯುತ್ತಿತ್ತು.

ಹಗ್ಗಕ್ಕೆ ಮೇಣ ಉಜ್ಜಿಟ್ಟಿದ್ದು ಇದಕ್ಕಲ್ಲ. ಶುಕ್ರವಾರದ ದೊಡ್ಡ ಉಬ್ಬರಕ್ಕೆ ದೋಣಿ ಇಳಿಸುವುದೆಂದು ನಿಶ್ಚಯವಾಗಿತ್ತು. ಎಳೆಯುವವರಿಗೆಲ್ಲ ಏಡಿ ಸಾರು, ಮರಗೆಣಸಿನ ಹಿಟ್ಟು, ಒಂದೊಂದು ಗುಟುಕು ಕಬ್ಬಿನ ಸಾರಾಯಿ ಎಂದು ಕ್ಲೆಮೆನ್ಸಿಯಾ ಹೇಳಿಟ್ಟಿದ್ದಳು. ದೋಣಿ ಮಾಡಿಸಿದವಳು ಅವಳು. ಈಗ ಅವಳೂ ಹಗ್ಗದ ನಡುವೆಲ್ಲೋ ಅಂಗೈ ಸುಲಿಸಿಕೊಂಡು ಎಳೆಯುತ್ತಿದ್ದಳು.

ದೋಣಿ ಕಟ್ಟುವ ಧಕ್ಕೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಅಮಿಲ್ಕಾರ್ ಧಣಿ ಕೂತಿದ್ದ. ಆಳೊಬ್ಬ ಕೊಡೆ ಹಿಡಿದಿದ್ದ.

"ದೋಣಿ ಇಳಿಸೋವಾಗ ಹಾಡ್ತೀರಲ್ಲ, ಹಾಡ್ರೋ," ಎಂದ ಧಣಿ. "ಸುಮ್ನೆ ಎಳದ್ರೆ ಅಪಶಕುನ."

ಯಾರೂ ಬಾಯಿ ಬಿಡಲಿಲ್ಲ. ಬಂದೂಕಿನ ಹಿಡಿ ಮತ್ತೆ ಮುದುಕನ ಪಕ್ಕೆಗೆ ಬಿತ್ತು.

"ಕಿವುಡನೇನ್ಲಾ? ಹಾಡು!"

ಜೆನೆಜಿಯು ಹಾಡಿದ. ಒಬ್ಬ ಸಾಲು ಹೇಳಿದರೆ ಮಿಕ್ಕವರೆಲ್ಲ 'ಓ' ಎಂದು ಎಳೆಯುವ ಹಾಡು ಅದು. ಯಾರೂ ಓ ಅನ್ನಲಿಲ್ಲ. ಮುದುಕ ಸಾಲನ್ನೂ ತಾನೇ ಹಾಡಿದ, ಓ ಅಂತಲೂ ತಾನೇ ಅಂದ.

*

ಮರಾನ್ಯಾಂವ್ ಕರಾವಳಿಯ ಆ ಮೂಲೆಯಲ್ಲಿ ಧಣಿಯದೇ ದೋಣಿ, ಧಣಿಯದೇ ಮಂಜುಗಡ್ಡೆ, ಧಣಿಯದೇ ಧಕ್ಕೆ. ಹಿಡಿದ ಮೀನು ಅವನು ಹೇಳಿದ ಬೆಲೆಗೆ. ಆಸ್ಪತ್ರೆಯಿದ್ದ ಸಾಂವ್ ಲೂಯಿಸ್ ಪಟ್ಟಣಕ್ಕೆ ನೀರಿನ ದಾರಿ ಬಿಟ್ಟರೆ ಬೇರೆ ದಾರಿಯಿಲ್ಲ.

ಹೋದ ಮಳೆಗಾಲದಲ್ಲಿ ಕ್ಲೆಮೆನ್ಸಿಯಾಳ ಮಗಳು ನಜಿಲ್ದಾ ಹೆರಿಗೆ ನೋವಿನಲ್ಲಿ ಆ ಧಕ್ಕೆಯ ಮೇಲೆ ಮಲಗಿದ್ದಳು. ಮೀನಿಗೆ ಮಂಜುಗಡ್ಡೆ ತುಂಬುವವರೆಗೆ ದೋಣಿ ಬಿಡಬಾರದೆಂದು ಧಣಿಯ ಅಪ್ಪಣೆ. ಮಂಜುಗಡ್ಡೆ ತುಂಬಿತು. ಅಷ್ಟರಲ್ಲಿ ಧಕ್ಕೆಯ ಹಲಗೆಗಳು ರಕ್ತ ಕುಡಿದಿದ್ದವು. ದೋಣಿಯಾಳು ಬಂದು, "ಈಗ ಹತ್ತಿಸ್ಬೋದು," ಅಂದಾಗ ಹತ್ತಿಸುವುದಕ್ಕೆ ಹೆಣ ಮಾತ್ರ ಇತ್ತು.

ಮಣ್ಣು ಮಾಡಿದ ಮೇಲೆ ಕ್ಲೆಮೆನ್ಸಿಯಾ ಮನೆಗೆ ಹೋಗಲಿಲ್ಲ, ನೇರ ಮೇಸ್ತ್ರಿಯ ಅಂಗಳಕ್ಕೆ ಹೋದಳು.

"ಒಂದು ದೋಣಿ ಮಾಡ್ಕೊಡಣ್ಣ."

"ಎಂಥದ್ದು?"

"ಕೇಳ್ದಾಗ ಹೊರಡೋದು. ನಡುವೆ ಒಬ್ಳು ಕಾಲು ಚಾಚಿ ಮಲಗೋವಷ್ಟು ಜಾಗ ಇರ್ಬೇಕು."

"ಮರ ಎಲ್ಲೈತೆ ತಂಗಿ? ಕಾಡಿಗೆಲ್ಲ ಬೇಲಿ ಜಡ್ದವ್ನೆ. ಒಂದ್ ರೆಂಬೆ ಮುಟ್ಟಿದ್ರೂ ಕೈ ಕಡೀತಾನೆ."

ಅವಳು ಅವನ ಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಮೇಸ್ತ್ರಿಯೂ ತಿರುಗಿ ಅದನ್ನು ನೋಡಿದ. ಬಹಳ ಹೊತ್ತು ನೋಡಿದ.

ಮೊದಲು ಇಳಿದದ್ದು ಅದೇ ಬಾಗಿಲು. ಆಮೇಲೆ ಒಂದೊಂದೇ ಮನೆಯವರು ಬಾಗಿಲು ಹೊತ್ತು ತಂದರು. ಅಜ್ಜಂದಿರು ಕಡಿದು ಕೊಯ್ದ ಹಳೆಯ ಮರ, ಹುಳ ಮುಟ್ಟದ್ದು. ಮರಗೆಣಸು ಹಿಂಡುವ ಮನೆಯ ತೊಲೆ ದೋಣಿಯ ಬೆನ್ನೆಲುಬಾಯಿತು. ಹಲಗೆಗಳು ಆಳುದ್ದಕ್ಕಿಂತ ಹೆಚ್ಚಿರಲಿಲ್ಲವಾದ್ದರಿಂದ ಮೇಸ್ತ್ರಿ ಅವನ್ನು ತುಂಡಿಗೆ ತುಂಡು ಬೆಸೆದ, ಸಂದಿಗೆ ಹತ್ತಿ ಜಡಿದು ರಾಳ ಹೊಯ್ದ. ಕೀಲು ಬಿಚ್ಚಿದ ತೂತುಗಳಿಗೆ ಬೆಣೆ ಹೊಡೆದ. ಒಂದು ಹಲಗೆಯ ಮೇಲೆ ಯಾವುದೋ ಮಗುವಿನ ಎತ್ತರ ಗುರುತು ಹಾಕಿದ ಗೀರುಗಳು ಹಾಗೇ ಉಳಿದಿದ್ದವು. ದೋಣಿಯ ಮುಂತುದಿಯಲ್ಲಿ ನೆಟ್ಟಗೆ ನಿಲ್ಲುವ ಮೂತಿಗಂಬಕ್ಕೆ ಮಾತ್ರ ಬಾಗಿಲು ಸಾಲದು. ಕ್ಲೆಮೆನ್ಸಿಯಾ ತನ್ನ ಮನೆಯ ಒಳಗಂಬ ಕೀಳಿಸಿ ಕೊಟ್ಟಳು. ನಜಿಲ್ದಾ ಹುಟ್ಟಿದಂದಿನಿಂದ ಅವಳ ತೂಗುಮಂಚದ ಹಗ್ಗ ಕಟ್ಟುತ್ತಿದ್ದ ಕಂಬ. ಹಗ್ಗ ಸವೆದು ಅದರ ಸುತ್ತ ಬೆರಳಗಲದ ಜಾಡು ಬಿದ್ದಿತ್ತು. "ಅದ್ನ ಕೆತ್ತಿ ತೆಗೀಬೇಡಣ್ಣ," ಅಂದಿದ್ದಳು.

ಆ ಮಳೆಗಾಲವೆಲ್ಲ ಉರುಮಾಯುವಿನ ಮನೆಗಳಿಗೆ ಗೋಣಿತಾಟೇ ಬಾಗಿಲು. ಹಂದಿಗಳು ಒಳಗೆ ಬಂದು ಮಡಕೆಗೆ ಬಾಯಿ ಹಾಕುತ್ತಿದ್ದವು.

*

ಪಟ್ಟಣದಿಂದ ದೋಣಿಯಲ್ಲಿ ಬಂದು ಧಣಿಯ ಮನೆಯಲ್ಲಿ ಇಳಿದುಕೊಂಡಿದ್ದ ಅರಣ್ಯ ಇಲಾಖೆಯ ಸಾಹೇಬ ಮೇಸ್ತ್ರಿಯ ಅಂಗಳಕ್ಕೆ ಬಂದದ್ದು ಆ ಮಂಗಳವಾರ ಬೆಳಗ್ಗೆ, ಧಣಿಯ ಜೀಪಿನಲ್ಲಿ. ಜೊತೆಗೆ ಇಬ್ಬರು ಪೊಲೀಸರು. ಸಾಹೇಬ ಮೂಗಿಗೆ ಕರವಸ್ತ್ರ ಹಿಡಿದು ದೋಣಿಯ ಸುತ್ತ ಒಂದು ಸುತ್ತು ಬಂದ.

"ಮರದ ಪರವಾನಗಿ ಎಲ್ಲಿ?"

"ಇದು ಕಾಡಿನ ಮರ ಅಲ್ಲ ಸಾಮಿ," ಎಂದಳು ಕ್ಲೆಮೆನ್ಸಿಯಾ. "ನಮ್ಮನೆ ಬಾಗ್ಲು. ಬೇಕಾದ್ರೆ ಮನೆ ಮನೆಗೂ ಹೋಗಿ ನೋಡಿ, ಒಂದ್ಕೂ ಬಾಗ್ಲಿಲ್ಲ."

"ಬಾಗಿಲಿನ ಮರ ಎಲ್ಲಿಂದ ಬಂತು? ಆಕಾಶದಿಂದ ಬಿತ್ತಾ?"

"ನಮ್ಮಜ್ಜನ ಕಾಲದಾಗೆ ಕಡ್ದಿದ್ದು. ಆವಾಗ ಬೇಲಿ ಇರ್ಲಿಲ್ಲ."

"ಹಾಗಾದ್ರೆ ನಿಮ್ಮಜ್ಜ ಕಳ್ಳ."

ಧಣಿ ನಕ್ಕ. "ಇವಳ ಅಜ್ಜನೇ ನಮ್ಮಜ್ಜನ ಸ್ವತ್ತು ಸಾಹೇಬ್ರೇ, ಕೊಂಡ ಗುಲಾಮ. ಅವನ ಬೆನ್ನ ಮೇಲಿನ ಬರೆ ನಮ್ಮನೆ ಕಬ್ಬಿಣದ್ದು. ಸ್ವತ್ತು ಕಡಿದ ಮರ ಯಾರದ್ದಾಗ್ತದೆ? ನೀವೇ ಹೇಳಿ." ಆಮೇಲೆ ಕ್ಲೆಮೆನ್ಸಿಯಾಳ ಕಡೆ ತಿರುಗಿ, "ನಾಯಿಗಳಿಗೆ ಬಾಗಿಲು ಯಾಕೆ ಅಂತ ನಾನೂ ಎಷ್ಟೋ ಸಲ ಯೋಚಿಸಿದ್ದೆ ಕಣೇ. ಒಳ್ಳೇದೇ ಮಾಡಿದ್ರಿ," ಎಂದ.

ನಜಿಲ್ದಾಳ ಗಂಡ ಎಲ್ಪೀದಿಯು ಮುಷ್ಟಿ ಬಿಗಿದು ಮುಂದೆ ಬಂದ. ಕ್ಲೆಮೆನ್ಸಿಯಾ ಅವನ ಅಂಗಿಯ ತುದಿ ಹಿಡಿದೆಳೆದಳು.

ಸಾಹೇಬ ಟೇಪು ಹಿಡಿದು ದೋಣಿಯ ಉದ್ದ ಅಳೆದ, ಒಂಬತ್ತು ಮೀಟರ್. ಸರ್ಕಾರಕ್ಕೆ ಮುಟ್ಟುಗೋಲು, ಧಕ್ಕೆಯ ಬುಡದಲ್ಲಿ ಕಟ್ಟಿ ಇಡತಕ್ಕದ್ದು ಎಂದ.

*

ಎಳೆದು ತಂದ ದೋಣಿಯ ಮೂತಿ ಈಗ ಧಕ್ಕೆಯ ಕಂಬಕ್ಕೆ ತಾಕಿ ನಿಂತಿತ್ತು. ಕಂಬದ ಬುಡದಲ್ಲಿ, ಕೆಸರಿಗೆ ಸಮೀಪ, ಒಂದು ಕಬ್ಬಿಣದ ಬಳೆ. ಸರಪಳಿ, ಬೀಗ ತಂದರು.

"ಎಲ್ಲಿಗೆ ಹಾಕೋದು?" ಸಾಹೇಬ ಕೇಳಿದ.

"ಎತ್ತಿಗೆ ಎಲ್ಲಿ ಹಾಕ್ತಾರೆ? ಮೂಗಿಗೇ ಹಾಕಿ," ಎಂದ ಧಣಿ. "ಏಯ್ ಮೇಸ್ತ್ರಿ, ನೀನೇ ಚುಚ್ಚು. ನೀನೇ ಹೆತ್ತಿದ್ದಲ್ವಾ?"

ಜೆನೆಜಿಯು ಬೈರಿಗೆ ಹಿಡಿದು ಮೂತಿಗಂಬದ ತಲೆಗೆ ತೂತು ಕೊರೆದ. ದೋಣಿಯ ಅಂಚಿಗಿಂತ ಮೇಲೆ ಮೊಳದಷ್ಟು ಚಾಚಿದ ತಲೆ ಅದು. ತೂತು ಬಿದ್ದದ್ದು ಹಗ್ಗದ ಜಾಡಿನ ಪಕ್ಕದಲ್ಲೇ. ಮರದ ಪುಡಿ ಮುದುಕನ ಕಾಲಬೆರಳ ಮೇಲೆ ಉದುರಿತು. ಕೊರೆದು ಮುಗಿದ ಕೂಡಲೇ ಪೊಲೀಸಿನವನು ಬೈರಿಗೆ ಕಸಿದುಕೊಂಡ. ಗರಗಸ, ಬಾಚಿ, ಉಳಿ, ಅಂಗಳದಲ್ಲಿದ್ದ ಹತ್ಯಾರಗಳನ್ನೆಲ್ಲ ಜೀಪಿಗೆ ತುಂಬಿದರು.

"ಸರಪಳಿ ಉದ್ದ ಬಿಡಬೇಡಿ," ಎಂದ ಧಣಿ. "ಎರಡು ಮೊಳ ಸಾಕು."

"ನೀರು ಬಂದಾಗ ದೋಣಿ ಮೇಲೇಳಬೇಕಲ್ಲ?"

"ಎದ್ದರೆ ಓಡಿಹೋಗ್ತದೆ ಸಾಹೇಬ್ರೇ. ಬನ್ನಿ, ಊಟ ಆರ್ತಾ ಇದೆ."

ಧಣಿ ಹುಟ್ಟಿದ್ದೇ ಈ ಅಳಿವೆಯ ದಡದಲ್ಲಿ. ಇಲ್ಲಿ ಉಬ್ಬರ ಆರು ಮೀಟರು ಏರುತ್ತದೆಂದು ಅವನಿಗೆ ಗೊತ್ತು. ಗಿಡ್ಡ ಸರಪಳಿಗೆ ಕಟ್ಟಿದ ದೋಣಿಯ ಹಿಂಭಾಗ ತೇಲುತ್ತದೆ, ಮೂತಿ ಮಾತ್ರ ಕೆಳಗೇ ಉಳಿಯುತ್ತದೆ, ನೀರು ಅಂಚು ದಾಟಿ ಒಳಗೆ ನುಗ್ಗುತ್ತದೆ. ಮಿಕ್ಕದ್ದನ್ನು ಸೆಳೆತ ನೋಡಿಕೊಳ್ಳುತ್ತದೆ. ಸುಟ್ಟರೆ ಯಾರಾದರೂ ಕೇಳಿಯಾರು, ಮುಳುಗಿದರೆ ಕೇಳುವವರಿಲ್ಲ.

ಹಳ್ಳಿಯವರಿಗೂ ಅದು ಗೊತ್ತಿತ್ತು. ಯಾರೂ ಮನೆಗೆ ಹೋಗಲಿಲ್ಲ. ದಡದ ಮೇಲೆ ಸಾಲಾಗಿ ಕೂತರು. ಇಬ್ಬರು ಪೊಲೀಸರು ಧಕ್ಕೆಯ ನೆರಳಲ್ಲಿ ನಿಂತು ಸಿಗರೇಟು ಹಚ್ಚಿದರು.

"ಒಂದೇ ಒಂದು ಗರಗಸ ಇದ್ದಿದ್ರೆ ಅತ್ತೆ," ಎಂದ ಎಲ್ಪೀದಿಯು. ಅವನ ದನಿ ಅಳುವಿಗೆ ಬಂದಿತ್ತು. "ಹಲ್ಲಲ್ಲಿ ಕಡೀಲಾ?"

ಕ್ಲೆಮೆನ್ಸಿಯಾ ಜೆನೆಜಿಯುವಿನ ಹತ್ತಿರ ಸರಿದು ಕೂತಳು.

"ಅಣ್ಣಾ, ಕಂಬದ ತಲೆ ಹೋದ್ರೆ ದೋಣಿ ಉಳೀತದಾ?"

ಮುದುಕ ದೋಣಿಯ ಮೂತಿಯತ್ತ ನೋಡಿದ. "ಅಂಚಿನ ಮೇಲಕ್ಕೆ ಕಡದ್ರೆ ಉಳೀಬೋದು. ಮರ ಕೆಳಕ್ಕೆ ಸೀಳಿದ್ರೆ ಮೂತಿ ಬಾಯ್ಬಿಡ್ತದೆ. ಹೇಳಕ್ಕಾಗಲ್ಲ."

"ಕಡೀದಿದ್ರೆ?"

"ಅದು ಹೇಳ್ಬೋದು."

ಅವಳು ಎದ್ದು ಮನೆಗೆ ಹೋದಳು. ಒಲೆಯ ಪಕ್ಕದಲ್ಲಿ ಅವಳ ಕೊಡಲಿ ಇತ್ತು. ಎಣ್ಣೆ ತೆಗೆಯುವ ಬಬಸೂ ತಾಳೆಯ ಗಟ್ಟಿ ಕಾಯಿ ಒಡೆಯುವ ಕೊಡಲಿ. ಉರುಮಾಯುವಿನ ಪ್ರತಿ ಹೆಂಗಸೂ ಅಂಥದ್ದೊಂದನ್ನು ತೊಡೆಯ ಕೆಳಗೆ ಅಲಗು ಮೇಲಾಗಿ ಒತ್ತಿ ಹಿಡಿದು, ಕಾಯಿಯನ್ನು ಅದರ ಮೇಲಿಟ್ಟು ಕೊಡತಿಯಿಂದ ಬಡಿದು ದಿನವಿಡೀ ಒಡೆಯುತ್ತಾಳೆ. ಪೊಲೀಸರು ಹತ್ಯಾರ ಹುಡುಕಿದ್ದು ಗಂಡಸರ ಬಳಿ. ಇದನ್ನು ಅವರು ನೋಡಿಯೂ ಇರಬಹುದು, ಸೌಟಿನ ಹಾಗೆ, ಪೊರಕೆಯ ಹಾಗೆ.

*

ನೀರು ಮೊದಲು ಕೆಸರಿನ ಬಿರುಕುಗಳಲ್ಲಿ ಬಂತು. ಆಮೇಲೆ ಸದ್ದು ಮಾಡುತ್ತ ಬಂತು. ಮೂರೂವರೆಯ ಹೊತ್ತಿಗೆ ಪೊಲೀಸರು ಬೂಟು ನೆನೆಯುತ್ತದೆಂದು ಧಕ್ಕೆಯ ಮೇಲಕ್ಕೆ ಹತ್ತಿದರು. ಹೆಂಗಸರು ಏಡಿಬುಟ್ಟಿ ಹೊತ್ತು ನೀರಿಗೆ ಇಳಿದರು. ದಿನಾ ಇಳಿಯುವವರೇ. ಪೊಲೀಸರು ಅತ್ತ ನೋಡಲಿಲ್ಲ.

ಸೊಂಟದ ನೀರಿಗೆ ದೋಣಿಯ ಹಿಂಭಾಗ ಎದ್ದಿತು. ಜೆನೆಜಿಯು, ಎಲ್ಪೀದಿಯು ನೀರಿನ ಕಡೆಯಿಂದ ಒಳಗೆ ನುಸುಳಿ ಹಲಗೆಯ ಮೇಲೆ ಅಂಗಾತ ಮಲಗಿದರು. ಸರಪಳಿ ಬಿಗಿದುಕೊಂಡು ಕಟಕಟ ಎಂದಿತು. ಮೂತಿ ಏಳಲು ನೋಡಿತು, ಆಗಲಿಲ್ಲ.

ಕ್ಲೆಮೆನ್ಸಿಯಾ ಬುಟ್ಟಿಯಿಂದ ಕೊಡಲಿ ತೆಗೆದಳು.

ಮೊದಲ ಪೆಟ್ಟು ಹಗ್ಗದ ಜಾಡಿನ ಕೆಳಗೆ ಬಿತ್ತು. ಅಲಗು ಜಾರಿತು. ಕಂಬ ಹಳೆಯದು, ಕಬ್ಬಿಣದಂಥ ಮರ. ಎರಡನೆಯದು ಕಚ್ಚಿತು.

"ಏಯ್! ಯಾವಳೇ ಅವ್ಳು?"

ಅವಳು ತಲೆಯೆತ್ತಲಿಲ್ಲ. ಕಾಯಿ ಒಡೆದ ಇಪ್ಪತ್ತೈದು ವರ್ಷದ ತೋಳು ತನ್ನಷ್ಟಕ್ಕೆ ಏರಿ ಇಳಿಯಿತು. ನೀರು ಎದೆಗೆ ಬಂತು. ಅಲಗು ಮೊಂಡಾಯಿತು. ಹಿಂದಿದ್ದವಳು ತನ್ನ ಕೊಡಲಿ ಕೊಟ್ಟಳು.

"ಸರೀರೇ ಸೂಳೆಮುಂಡೇರಾ! ಸುಡ್ತೀನಿ!"

ಹೆಂಗಸರು ಸರಿಯಲಿಲ್ಲ. ಬುಟ್ಟಿ ಬಿಟ್ಟು ದೋಣಿಯ ಮೂತಿಗೆ ಒತ್ತಾಗಿ ನಿಂತರು, ಬಂದೂಕಿಗೂ ಕ್ಲೆಮೆನ್ಸಿಯಾಗೂ ನಡುವೆ. ಗುಂಡು ಹಾರಿತು. ಮಗುವಿನ ಎತ್ತರ ಗೀಚಿದ ಹಲಗೆಗೆ ತೂತು ಬಿತ್ತು. ಒಳಗೆ ಯಾರೋ ಹಾ ಎಂದರು. ಎಲ್ಪೀದಿಯುವೋ ಮುದುಕನೋ, ಗೊತ್ತಾಗಲಿಲ್ಲ.

ನೀರು ಅವಳ ಗದ್ದ ಮುಟ್ಟಿತು. ದೋಣಿಯ ಅಂಚಿನ ಮೇಲಿಂದ ತೆಳ್ಳಗೆ, ಸೆರಗಿನಂತೆ, ಒಳಗೆ ಹರಿಯತೊಡಗಿತು. ಈಗ ಕೊಡಲಿ ಬೀಸಲು ಜಾಗವಿರಲಿಲ್ಲ. ಎಡಗೈಯಿಂದ ಸರಪಳಿ ಹಿಡಿದು ಬಲಗೈಯಲ್ಲಿ ಕುಟ್ಟಿದಳು. ಪ್ರತಿ ಪೆಟ್ಟಿಗೂ ಉಪ್ಪುನೀರು ಬಾಯಿಗೆ ನುಗ್ಗಿತು. ಉಗಿದು ಕುಟ್ಟಿದಳು.

"ಹೋಗೇ," ಎಂದಳು, ಕಂಬಕ್ಕೋ ಯಾರಿಗೋ. "ಹೋಗೇ ನನ್ನವ್ವ, ಹೊರಡು. ಹೊತ್ತಾಯ್ತು."

ಇನ್ನೂ ಮೂರು ಬೆರಳು ಮರ ಉಳಿದಿತ್ತು. ಅದನ್ನು ಕಡಿದದ್ದು ಅವಳಲ್ಲ. ಕೆಳಗಿನಿಂದ ಒತ್ತುತ್ತಿದ್ದ ನೀರು. ಟಕ್ ಎಂದು ಕಂಬ ಮುರಿದು, ಒಂಬತ್ತು ಮೀಟರಿನ ದೋಣಿ ಎದೆಯೆತ್ತಿ ನೀರಿನ ಮೇಲೆ ಬಂತು. ಅದರ ಪಕ್ಕೆ ಅವಳನ್ನು ಹೊಡೆದು ಕೆಳಗೆ ತಳ್ಳಿತು. ಮೇಲೆ ಬಂದಾಗ ದೋಣಿ ದೂರವಿತ್ತು. ಉಬ್ಬರ ಅದನ್ನು ಕಡಲಿಗಲ್ಲ, ಒಳಗೆ, ಜೀಪು ಹೋಗದ, ಉಪ್ಪುನೀರಿನಲ್ಲೇ ಬೇರೂರಿದ ಕಾಂಡ್ಲಾ ಕಾಡಿನ ಕಡೆಗೆ ಒಯ್ಯುತ್ತಿತ್ತು. ಸೋರೆಬುರುಡೆಯಿಂದ ನೀರು ಮೊಗೆದು ಚೆಲ್ಲುವ ಒಂದು ಕೈ ಕಂಡಿತು. ಒಂದೇ ಕೈ. ಮೂತಿಯಿಲ್ಲದ ದೋಣಿ ತಿರುವಿನಲ್ಲಿ ಓಲಾಡಿ ಮರೆಯಾಯಿತು.

*

ಬುಧವಾರ ಮಧ್ಯಾಹ್ನ ನೀರು ಇಳಿದಿತ್ತು. ಕ್ಲೆಮೆನ್ಸಿಯಾಳನ್ನು ಧಕ್ಕೆಯ ಮೇಲೆ ಕೂರಿಸಿ ಕೈ ಹಿಂದಕ್ಕೆ ಕಟ್ಟಿದ್ದರು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕಾಡಿನೊಳಗೆ ಹುಡುಕಲು ಹೋದ ಧಣಿಯ ದೋಣಿ ಬರಿಗೈಲಿ ಬಂದಿತ್ತು. ಹಲಗೆ ಸಿಕ್ಕಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಅವಳು ಎರಡನ್ನೂ ಕೇಳಿಸಿಕೊಂಡಳು, ಯಾವುದು ಒಳ್ಳೆಯ ಸುದ್ದಿ ಎಂದು ತಿಳಿಯಲಿಲ್ಲ.

ಧಣಿ ಮೇಲೆ ನಿಂತು ಸಾಹೇಬನ ಮೇಲೆ ರೇಗುತ್ತಿದ್ದ. ಸಾಹೇಬ ಪ್ಯಾಂಟು ಮಡಚಿ ಕೆಸರಿಗಿಳಿದು, ಕಂಬದ ಬುಡದ ಸರಪಳಿ ಎತ್ತಿ ನೋಡಿದ.

"ಸರ್ಕಾರದ ಮುಟ್ಟುಗೋಲು ಎಲ್ಲಿ ಹೋಯ್ತು ಮುದುಕಿ?"

"ಅಲ್ಲೇ ಐತಲ್ಲ ಸಾಮಿ," ಎಂದಳು. ಒಡೆದ ತುಟಿಯಿಂದ ಮಾತು ತೊದಲಿತು. "ನೀವ್ ಕಟ್ಟಿದ್ದು ಕಟ್ಟಿದಂಗೇ ಐತೆ. ಬೀಗಾನೂ ಹಾಕ್ದಂಗೇ ಐತೆ. ಅಳತೆ ಮಾಡ್ಕಳಿ."

ಪೊಲೀಸಿನವನು ಅವಳ ಬಾಯಿಗೆ ಹೊಡೆದ. ಸಾಹೇಬ ಸುತ್ತ ನೋಡಿದ. ದಡದ ಮೇಲೆ ಹಳ್ಳಿಗೆ ಹಳ್ಳಿಯೇ ನಿಂತಿತ್ತು, ಹೆಂಗಸರ ಕೈಯಲ್ಲಿ ಕಾಯಿ ಒಡೆಯುವ ಕೊಡಲಿಗಳಿದ್ದವು. ಪಟ್ಟಣದ ಕಚೇರಿಗೆ ಏನಾದರೂ ಒಂದು ತೋರಿಸಬೇಕಾಗಿತ್ತು. ಸಾಹೇಬ ಜೇಬಿನಿಂದ ಟೇಪು ತೆಗೆದ. ಸರಪಳಿಗೆ ಸಿಕ್ಕಿಕೊಂಡಿದ್ದ ಮರದ ತುಂಡಿನ ಒಂದು ತುದಿಯಲ್ಲಿ ಕೊಡಲಿಯ ಕಚ್ಚುಗಳು, ನಡುವೆ ಹಗ್ಗ ಸವೆದ ಜಾಡು. ಅದರ ಮೇಲೆ ಟೇಪು ಹಿಡಿದು ತುದಿಯಿಂದ ತುದಿಗೆ ಅಳೆದ.

ನಲವತ್ತೊಂದು ಸೆಂಟಿಮೀಟರ್.