ಬಾಗಿಲ ಹೊರಗಿನ ಜೋಡಿ

ಶವಪೆಟ್ಟಿಗೆಯ ಮುಚ್ಚಳ ಓರೆಯಾಗಿ ಕೂತಿತೆಂದು ವ್ಯಾನಿನ ಡ್ರೈವರ್ ಅದನ್ನು ಮತ್ತೆ ಎತ್ತುತ್ತಿದ್ದಾಗಲೇ ವಿರೋಧಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು.

ಸಂಸತ್ತಿನಲ್ಲಿ ಆತ ಕೂರುವುದು ವಿರೋಧಪಕ್ಷದ ಕಡೆ. ಪೆಟ್ಟಿಗೆಯೊಳಗೆ ಮಲಗಿದ್ದವನು ಆಳುವ ಪಕ್ಷದ ಹಿಂದಿನ ಬೆಂಚಿನಲ್ಲಿ ಕೂತೇ ಮುದುಕನಾದವನು. ಮಂತ್ರಿಯೂ ಆಗಲಿಲ್ಲ, ಮದುವೆಯೂ ಆಗಲಿಲ್ಲ. ‘ವಿರೋಧಿ’ ಎಂದು ಹೆಸರಿಟ್ಟವನೂ ಅವನೇ.

ಕರೆ ಮಾಡಿದ್ದು ವಿರೋಧಿಯ ಪಕ್ಷದ ಸಚೇತಕ, ಮತದಾನಕ್ಕೆ ಸದಸ್ಯರನ್ನು ಒಟ್ಟುಮಾಡುವವನು.

“ಎಲ್ಲಿದ್ದೀರಿ ಹಿರಿಯರೇ? ಮಧ್ಯಾಹ್ನ ಬಜೆಟ್ಟು ಮತಕ್ಕೆ ಬರುತ್ತೆ. ಸಚಿವಾಲಯದ ಹೊಸ ಕಟ್ಟಡಕ್ಕೆ ಕೇಳಿದ ದುಡ್ಡು ಕಡಿತ ಮಾಡಿ ಅಂತ ಸೂಚನೆ ಕೊಟ್ಟೋರು ನೀವೇ, ಸಮಿತೀಲಿ ಅಧಿಕಾರಿಗಳ ಬೆವರಿಳಿಸಿದೋರೂ ನೀವೇ. ಅವರ ಕಡೆ ಈಗ ಒಂದು ಮತ ಕಮ್ಮಿ. ನೀವು ಬಂದ್ರೆ ಒಂದೇ ಮತದಲ್ಲಿ ಗೆಲ್ತೀವಿ, ಬನ್ನಿ.”

“ನಾನು ಇವನ ಜೋಡಿ ಕಣಯ್ಯ. ಇವನು ಬರೋಕಾಗದಿದ್ರೆ ನಾನೂ ಮತ ಹಾಕಲ್ಲ ಅಂತ ಮಾತು.”

“ಕಾಯಿಲೆ ಬಿದ್ದೋರಿಗೆ ಆ ಮಾತು. ಸತ್ತೋರಿಗೆಂಥ ಜೋಡಿ?”

ವಿರೋಧಿ ಫೋನನ್ನು ಕಿವಿಯಿಂದ ಇಳಿಸಿ ಗಡಿಯಾರ ನೋಡಿದ. ಕಟ್ಟಡ ಕೈಬಿಟ್ಟರೆ ಆಸ್ಪತ್ರೆಗಳಿಗಾದರೂ ದುಡ್ಡು ಉಳಿದೀತು ಎಂದು ಇಡೀ ಅಧಿವೇಶನ ಗಂಟಲು ಹರಿದುಕೊಂಡಿದ್ದ. ಕಾರು ಹತ್ತಿದರೆ ಈಗಲೂ ಮುಟ್ಟಬಹುದು.

*

ಹಿಂದೊಮ್ಮೆ, ಇಂಥದೇ ಮತದಾನದ ದಿನ, ವಿರೋಧಿಯ ಹೆಂಡತಿ ಆಸ್ಪತ್ರೆಯಲ್ಲಿ ಇವತ್ತೋ ನಾಳೆಯೋ ಎಂಬಂತಿದ್ದಳು. ಅವನ ಪಕ್ಷ ಬಿಡಲೊಲ್ಲದು. ಅದುವರೆಗೆ ಸರಿಯಾಗಿ ಮಾತೂ ಆಡಿರದ ಹಿಂಬೆಂಚಿನವನು ಮೊಗಸಾಲೆಯಲ್ಲಿ ತಡೆದು ಕೇಳಿದ.

“ಮುಖ ಯಾಕೆ ಹಾಗಿದೆ?”

ವಿಷಯ ಹೇಳಿದ ಮೇಲೆ, “ಹೋಗಯ್ಯ, ನಾನೂ ಒಳಗೆ ಹೋಗಲ್ಲ. ಎರಡೂ ಕಡೆ ಒಂದೊಂದು ಮತ ಕಡಿಮೆ. ಸರಿಹೋಯ್ತಲ್ಲ?” ಎಂದ.

“ನಿಮ್ಮೋರು ಸುಮ್ನಿರ್ತಾರಾ?”

“ಏನು ಮಾಡ್ತಾರೆ? ನನ್ನನ್ನ ಇನ್ನೂ ಹಿಂದಕ್ಕೆ ಕೂರಿಸೋಕೆ ಬೆಂಚಿಲ್ಲ.”

ಗಂಟೆ ಬಾರಿಸಿ ಬಾಗಿಲು ಮುಚ್ಚುವವರೆಗೂ ಸ್ವಂತ ಪಕ್ಷದ ಮಂತ್ರಿ ಬಾಯಿಗೆ ಬಂದಂತೆ ಬೈದರೂ ಆಸಾಮಿ ಬಾಗಿಲ ಹೊರಗೆ ಕೂತಲ್ಲಿಂದ ಏಳಲಿಲ್ಲವೆಂದು ಆಮೇಲೆ ಕಾವಲಿನವನು ಹೇಳಿದ. ಆ ಹೊತ್ತಿನಲ್ಲಿ ವಿರೋಧಿ ಹೆಂಡತಿಯ ಕೈ ಹಿಡಿದುಕೊಂಡಿದ್ದ. ಅವಳು ಇನ್ನೂ ಗುರುತು ಹಿಡಿಯುತ್ತಿದ್ದಳು.

*

“ವಿರೋಧಿ ಅಣ್ಣಾ,” ಸತ್ತವನ ತಂಗಿ ತನ್ನ ಫೋನಿಗೆ ಅಂಗೈ ಮುಚ್ಚಿಕೊಂಡು ಬಂದಳು. “ಅಣ್ಣನ ಪಕ್ಷದೋರು.”

“ಬರ್ತಾರಂತಾ?”

“ಇಲ್ಲ. ನೀವು ಇಲ್ಲೇ ಇದ್ದೀರಾ ಅಂತ ಕೇಳ್ತಿದ್ದಾರೆ.”

ಪಕ್ಕದ ಮನೆಯ ದರ್ಜಿ ಮೂಗು ಮುರಿದ. “ಬೆಳಗ್ಗಿಂದ ಅದೊಂದೇ ಪ್ರಶ್ನೆ. ಅವರ ಪಕ್ಷದಿಂದ ಹೂವು ತಂದವನೂ ಅದನ್ನೇ ಕೇಳ್ದ.”

ಬಾಡಿಗೆಗೆ ತರಿಸಿದ ಕುರ್ಚಿಗಳು ಮಡಚಿದಂತೆಯೇ ಗೋಡೆಗೆ ಒರಗಿದ್ದವು. ಶವದ ವ್ಯಾನು ಓಣಿಗೆ ಬರುವಂತಿರಲಿಲ್ಲ. ದೊಡ್ಡ ರಸ್ತೆಯವರೆಗೆ ಹೆಗಲ ಮೇಲೇ ಹೋಗಬೇಕು.

“ಹೋಗೋದಿದ್ರೆ ಹೋಗಿ ಅಣ್ಣಾ,” ತಂಗಿ ಮೆಲ್ಲಗೆ ಹೇಳಿದಳು. “ನಾನೇನೂ ಅಂದ್ಕೊಳ್ಳಲ್ಲ. ಡ್ರೈವರ್ರು, ದರ್ಜಿಯೋರು, ನಾನು... ಹೇಗೋ ಆಗುತ್ತೆ.”

ವಿರೋಧಿ ಅವಳ ಮುಖ ನೋಡಿದ. “ಇಲ್ಲೇ ಇದ್ದಾನೆ ಅನ್ನಮ್ಮ ಅವರಿಗೆ.” ಆಮೇಲೆ, ಸಚೇತಕ ಇನ್ನೂ ಕಾಯುತ್ತಿದ್ದ ತನ್ನ ಫೋನನ್ನು ಮತ್ತೆ ಕಿವಿಗಿಟ್ಟ. “ನನ್ನನ್ನ ಬಿಟ್ಟು ಎಣಿಸಿಕೋ ಕಣಯ್ಯ. ಬೈಯೋದಿದ್ರೆ ನಾಳೆ ಬೈ.”

ಎತ್ತಿದರು. ಹಿಂದೆ ಡ್ರೈವರ್ ಮತ್ತು ದರ್ಜಿ. ಮುಂದೆ ವಿರೋಧಿ, ಪಕ್ಕದಲ್ಲಿ ತಂಗಿ. ಅವಳು ಅವನ ಭುಜದೆತ್ತರಕ್ಕೂ ಬರುತ್ತಿರಲಿಲ್ಲ. ಪೆಟ್ಟಿಗೆ ಅವಳತ್ತ ವಾಲಿತು. ವಿರೋಧಿ ಮೊಣಕಾಲು ಬಗ್ಗಿಸಿ ಹೆಗಲನ್ನು ಅವಳ ಹೆಗಲ ಮಟ್ಟಕ್ಕೆ ತಗ್ಗಿಸಿದ. ಅಂಗಡಿಯವರು ಎದ್ದು ನಿಂತು ನೋಡುತ್ತಿದ್ದಂತೆ ಆ ಉದ್ದನೆಯ ಮುದುಕ ಓಣಿಯುದ್ದಕ್ಕೂ ಅರೆಕೂತಂತೆಯೇ ನಡೆದ.