ಬದುಕಿರುವವಳ ಹೆಸರು

ಅಡುಗೆಮನೆಯ ನಲ್ಲಿ ನಿಂತಿತು, ನೀರಿನ ಸದ್ದು ನಿಂತ ಆ ಗಳಿಗೆಯಲ್ಲೇ ನನ್ನ ಹೆಸರು ಕೇಳಿಸಿತು, ಬ್ರೈನಾ, ಮಗಳ ದನಿ, ಆದರೆ ಕರೆದದ್ದಲ್ಲ, ಕರೆಯುವಾಗ ತೋಬಿ ಅಮ್ಮಾ ಎನ್ನುತ್ತಾಳೆ, ಮಗಳು ನನ್ನ ಹೆಸರು ಹಿಡಿದು ಹೇಳುವುದು ಆಸ್ಪತ್ರೆಯ ನೋಂದಣಿ ಕಿಟಕಿಯ ಮುಂದೆ ಮಾತ್ರ — ಮತ್ತೆ ಕೇಳಿಸಿತು, ಪುಟ್ಟ ಬ್ರೈನಾ, ಆಮೇಲೆ ಇಬ್ಬರು ಹೆಂಗಸರ ಮೆಲುನಗೆ. ಪುಟ್ಟ. ನಾನಿಲ್ಲಿ ಊಟದ ಮೇಜಿನ ಮುಂದೆ ಕೂತು, ಶುಕ್ರವಾರ ಸಂಜೆ ಶಬ್ಬತ್ ಎಂಬ ನಮ್ಮ ಬಿಡುವಿನ ದಿನಕ್ಕೆ ಹಚ್ಚುವ ಬೆಳ್ಳಿ ದೀಪಗಂಬಗಳನ್ನು ಉಜ್ಜುತ್ತಿದ್ದೇನೆ, ಏಳಬೇಡಮ್ಮಾ, ಕೂತೇ ಮಾಡು, ಎಂದು ಕೈಗೆ ಬಟ್ಟೆ ಕೊಟ್ಟು ಹೋದವಳು ಅವಳೇ, ಒಳಗಿನ ಮಾತು ಕೇಳಬಾರದೆಂದೇ ಕೂರಿಸಿದಳೇನೋ. ಮೊಮ್ಮಗಳು ಲಿಯೋರಾ ಮೊನ್ನೆ ಎರಡನೆಯದನ್ನು ಹೆತ್ತಳು, ಇದೂ ಹೆಣ್ಣು, ನಾಳೆ ಬೆಳಿಗ್ಗೆ ಸಿನಗಾಗಿನ ಪ್ರಾರ್ಥನೆಯಲ್ಲಿ ಹೆಸರು ಕೂಗುತ್ತಾರೆ, ಅಲ್ಲಿಯವರೆಗೆ ಅದು ಗುಟ್ಟು. ಇದಾ ಗುಟ್ಟು? ಪೋಲೆಂಡಿನಿಂದ ಬಂದ ನಮ್ಮ ಯೆಹೂದಿಗಳಲ್ಲಿ ಮಗುವಿಗೆ ಸತ್ತವರ ಹೆಸರನ್ನಷ್ಟೇ ಇಡುವುದು. ತೋಬಿ ಎಂಬುದು ತೀರಿಹೋದ ನನ್ನ ಅತ್ತೆಯ ಹೆಸರು, ಬ್ರೈನಾ ಎಂಬುದು ಪೋಲೆಂಡಿನಲ್ಲೇ ಉಳಿದುಹೋದ ಒಬ್ಬ ಚಿಕ್ಕಮ್ಮನದು, ಲಿಯೋರಾಳಿಗೆ ತೀರಿಹೋದ ನನ್ನ ಗಂಡ ಲೇಬನ ಹೆಸರಿನ ಮೊದಲಕ್ಷರ, ಯಾರೋ ಬಿಟ್ಟು ಎದ್ದ ಕುರ್ಚಿಯಲ್ಲಿ ಕೂತವರೇ ನಾವೆಲ್ಲ, ಆದರೆ ನಾನಿನ್ನೂ ಎದ್ದಿಲ್ಲವಲ್ಲ, ಇಲ್ಲೇ ಕೂತಿದ್ದೇನಲ್ಲ.

ಹಾಗಾದರೆ ಇವರಿಗೆ ಏನೋ ಗೊತ್ತಿದೆ. ಕಳೆದ ವಾರದ ಸ್ಕ್ಯಾನ್ — ಡಾಕ್ಟರು, ಗಡ್ಡವೂ ಸರಿಯಾಗಿ ಬಂದಿರದ ಹುಡುಗ, ನನಗೆ ನಿಧಾನವಾಗಿ ಕೋಟು ಹಾಕಿಕೊಳ್ಳಿ ಎಂದು ತೋಬಿಯನ್ನು ಪಕ್ಕದ ಕೋಣೆಗೆ ಕರೆದ, ಹೊರಬಂದವಳನ್ನು ಏನಂತೆ ಎಂದರೆ, ವಯಸ್ಸಮ್ಮಾ, ಎಲ್ಲಾ ವಯಸ್ಸಿನದ್ದು, ನಡಿ ಬೇಕರಿಗೆ ಹೋಗೋಣ. ಬೇಕರಿಗೆ! ನನ್ನ ಸಕ್ಕರೆ ಡಬ್ಬಿಗೆ ವರ್ಷಗಟ್ಟಲೆ ಕಾವಲು ಕೂತವಳು, ಹಿಮದಲ್ಲಿ ಕಾರು ನಿಲ್ಲಿಸಿ, ತಾನೇ ದಾಲ್ಚಿನ್ನಿ ಬನ್ನು ಕೊಡಿಸಿದಳು. ಅವತ್ತಿನಿಂದ ಒಂದು ಜಗಳವಿಲ್ಲ. ಹೇಳಿದ್ದನ್ನೇ ಹೇಳಿದರೂ, ಹೌದಾ ಅಮ್ಮಾ, ಎಂದು ಬೆರಗಾಗುತ್ತಾಳೆ, ನನ್ನ ಹಳಸಲು ಜೋಕಿಗೆ ನಗುತ್ತಾಳೆ, ತಾಯಿ ಗಟ್ಟಿಮುಟ್ಟಾಗಿದ್ದರೆ ಯಾವ ಮಗಳು ಅವಳ ಜೋಕಿಗೆ ನಗುತ್ತಾಳೆ? ಬೇರೆಯವರ ಬರಹ ತಿದ್ದುತ್ತಲೇ ಕೂದಲು ಹಣ್ಣಾಯಿತು, ಬರೆದದ್ದಕ್ಕಿಂತ ಬಿಟ್ಟದ್ದೇ ನನ್ನ ಕಣ್ಣಿಗೆ ಮೊದಲು ಬೀಳುವುದು. ನಾನು ಚಿಕ್ಕವಳಿದ್ದಾಗಿನ ಸೇಂಟ್ ಡೊಮಿನಿಕ್ ಬೀದಿಯ ಆ ಮೂರನೇ ಮಹಡಿ, ನನಗೆ ಜ್ವರ, ಮೈಯೆಲ್ಲ ಕೆಂಪು, ಅಜ್ಜಿ ಸಿನಗಾಗಿಗೆ ಓಡಿ ನನ್ನ ಹೆಸರಿನ ಮುಂದೆ ಆಲ್ಟೆ ಎಂದು ಸೇರಿಸಿಕೊಂಡು ಬಂದಳು, ಆಲ್ಟೆ ಎಂದರೆ ಮುದುಕಿ, ಐದು ವರ್ಷದ ಮುದುಕಿ, ಹುಡುಗಿ ಬ್ರೈನಾಳನ್ನು ಹುಡುಕಿಕೊಂಡು ಬರುವ ಸಾವಿನ ದೂತ ಮುದುಕಿಯನ್ನು ಕಂಡು ಮನೆ ತಪ್ಪಿತೆಂದು ಹೊರಟುಹೋಗಲಿ ಎಂದು. ಅಪ್ಪ ನಕ್ಕರು, ಅವನೇನು ಹೊಸ ಪೋಸ್ಟ್‌ಮ್ಯಾನಾ ಅತ್ತೆ, ಮನೆ ತಪ್ಪೋಕೆ? ನಗು ನಗು, ಅಜ್ಜಿ ಕೆಟ್ಟದ್ದು ತಟ್ಟದಿರಲೆಂದು ಥೂ ಥೂ ಥೂ ಎಂದು ಮೂರು ಸಲ ಉಗಿದಳು, ಅವನಿಗೆ ಸಾವಿರ ಮನೆ ಕಣೋ, ಅವಸರದಲ್ಲಿ ಹೆಸರು ನೋಡಿ ಎತ್ಕೊಂಡು ಹೋಗ್ತಾನೆ, ಒಂದೇ ಮನೇಲಿ ಎರಡು ಹೆಸರು ಒಂದೇ ಇದ್ರೆ ಕೈಗೆ ಸಿಕ್ಕಿದ್ದು ಯಾವುದೋ ಅದೇ. ಕೈಗೆ ಸಿಕ್ಕಿದ್ದು. ಮೊನ್ನೆ ಹುಟ್ಟಿದ್ದು ಅದು, ಇನ್ನೂ ಕಣ್ಣೇ ಸರಿಯಾಗಿ ಬಿಟ್ಟಿಲ್ಲ.

ಬಾಗಿಲು ತಳ್ಳಿಕೊಂಡು ಬಂದವಳು ಸುಲ್ತಾನಾ, ತೋಬಿಯ ಬೀಗಿತ್ತಿ, ಲಿಯೋರಾಳ ಅತ್ತೆ, ಕೈಯಲ್ಲಿ ಜೀರಿಗೆ ಹಾಕಿದ ಕ್ಯಾರೆಟ್ಟಿನ ಬೋಗುಣಿ, ನನ್ನ ಮುಖ ನೋಡಿದ್ದೇ ತಡ, ಅಯ್ಯೋ, ಕೇಳಿಸ್ಕೊಂಡ್ಬಿಟ್ರಾ? ನಮ್ಮಲ್ಲಿ, ಎಂದೆ, ಬದುಕಿರುವವರ ಹೆಸರಿಟ್ಟರೆ ಅದು ಗೌರವ ಅಲ್ಲಮ್ಮ, ನೋಟೀಸು. ಅವಳು ಬೋಗುಣಿ ಕುಕ್ಕಿ ಗೊಳ್ಳೆಂದು ನಕ್ಕಳು, ನಮ್ಮ ಮೊರಾಕೋದ ಯೆಹೂದಿಗಳಲ್ಲಿ ಬದುಕಿರೋರದೇ ಇಡೋದು, ಸತ್ತ ಮೇಲೆ ಇಟ್ರೆ ಕೇಳೋಕೆ ಕಿವಿ ಎಲ್ಲಿರುತ್ತೆ, ನಮ್ಮನೇಲಿ ಸುಲ್ತಾನಾ ಅಂತ ಒಂದ್ಸಲ ಕೂಗಿ ನೋಡಿ, ಊಟಕ್ಕೆ ಐದು ಜನ ಬಂದು ಕೂರ್ತೀವಿ, ನನಗೇನಾಗಿದೆ, ಗುಂಡುಕಲ್ಲಿನ ಹಾಗಿಲ್ವಾ? ಇದ್ದಾಳೆ, ಗುಂಡುಕಲ್ಲೇ. ಎದೆ ಹಗುರಾಯಿತು, ಅವರ ಪದ್ಧತಿ, ಅಷ್ಟೇ, ಹೆದರಿಕೆಯಲ್ಲಿ ಮರೆತೇಬಿಟ್ಟಿದ್ದೆ, ನನ್ನ ಹಾಳು ಅನುಮಾನದ ಬುದ್ಧಿ, ನಾನೂ ನಕ್ಕೆ, ಅವಳು ಇನ್ನೂ ಹೇಳುತ್ತಲೇ ಇದ್ದಳು, ಮೊದಲನೇ ಮಗೂಗೆ ನನ್ನ ಹೆಸರಾಯ್ತಲ್ಲ, ಎರಡನೇದಕ್ಕೆ ಹುಡುಗಿಯ ತಾಯಿದು, ಅದು ಕ್ರಮ, ಸರದಿ ತೋಬಿದೇ, ಇವಳೇ ಬೇಡ ಅಂದ್ಬಿಟ್ಳು, ನನ್ನದು ಬೇಡಪ್ಪಾ, ನನಗೆ ಭಯ, ಅಮ್ಮನದು ಇಡಿ ಅಂತ, ತಾಯಿಗೋಸ್ಕರ ತನ್ನ ಸರದಿನೇ ಬಿಟ್ಳು, ಎಂಥಾ ಮನಸ್ಸು ನೋಡಿ.

ಭಯ ಅಂದಳಂತೆ. ತೋಬಿ ಬಾಗಿಲಲ್ಲಿ ನಿಂತಿದ್ದಾಳೆ, ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಬಟ್ಟೆ. ಆ ಭಯವನ್ನು ಇವಳಿಗೆ ಉಣ್ಣಿಸಿದವಳು ನಾನೇ, ಕಾಲೇಜು ಓದಿಸಿದೆ, ಅದರ ಜೊತೆಗೆ ಇದನ್ನೂ, ಮೇಜಿನ ಮೂಲೆಗೆ ಕೂರುವುದಿಲ್ಲ, ಮೈಮೇಲಿರುವ ಬಟ್ಟೆಗೆ ಗುಂಡಿ ಹೊಲಿಯುವುದಿಲ್ಲ, ಲಿಯೋರಾ ಬಸುರಿ ಎಂದಾಗ ಒಂದು ಟೋಪಿಯನ್ನೂ ಮೊದಲೇ ಕೊಳ್ಳಲು ಬಿಡಲಿಲ್ಲ, ಎಲ್ಲವನ್ನೂ ನಂಬುತ್ತಾಳೆ, ತನ್ನ ಹೆಸರಿಗೆ ಹೆದರಿದಳು, ನನ್ನ ಹೆಸರಿಗೆ ಹೆದರಲಿಲ್ಲ. ಪ್ರೀತಿಯಿಲ್ಲದೆ ಅಲ್ಲ, ನನ್ನ ಮಗಳು ನನಗೆ ಗೊತ್ತು. ಹೆದರಲು ಏನಾದರೂ ಉಳಿದಿದ್ದರೆ ಹೆದರುತ್ತಿದ್ದಳು. ತೋಬಿ, ಡಾಕ್ಟರು ಏನಂದ್ರು? ಅಮ್ಮಾ, ಕೋಳಿ ಓವನ್ನಿನಲ್ಲಿದೆ. ತೋಬಿ. ಸುಲ್ತಾನಾಳ ನಗು ಅರ್ಧಕ್ಕೇ ನಿಂತಿದೆ, ತೋಬಿ ನನ್ನನ್ನು ನೋಡುತ್ತಿಲ್ಲ, ತಟ್ಟೆ ನೋಡುತ್ತಿದ್ದಾಳೆ, ಬಿಳಿ ತಟ್ಟೆ, ಒಂದು ಹನಿಯಿಲ್ಲ, ಬಟ್ಟೆ ಸುತ್ತುತ್ತಿದೆ, ಮೇಲೆ, ಅಂಚಿಗೆ, ತಿರುಗಿಸಿ ಹಿಂದೆ, ಮತ್ತೆ ಮೇಲೆ, ಒಣಗಿದೆಯಲ್ಲೇ ತೋಬಿ, ಆಗಲೇ ಒಣಗಿದೆ, ಒಣಗಿದ ತಟ್ಟೆಯನ್ನು ಒರೆಸುತ್ತಿದ್ದಾಳೆ, ಒರೆಸುತ್ತಿದ್ದಾಳೆ